ಕಾರ್ಖಾನೆ ಮುಚ್ಚಿದ ಮೇಲೆ

ಈ ಭಾಷಣವನ್ನು ಓದುವುದಕ್ಕಾಗಿ ನಾನು ಬೆಳಗೊಳದಿಂದ ಮೈಸೂರಿನ ಯಾದವಗಿರಿಯಲ್ಲಿರುವ ಆಕಾಶವಾಣಿ ನಿಲಯಕ್ಕೆ ಬಂದದ್ದು ಒಂದು ಹಳೆಯ ಜಾವಾ ಮೋಟಾರ್ ಸೈಕಲ್ಲಿನ ಮೇಲೆ. ಬಾಗಿಲಲ್ಲಿದ್ದ ಕಾವಲುಗಾರರು ವಾಹನವನ್ನೂ ನನ್ನನ್ನೂ ಒಂದು ಸಲ ನಿಧಾನವಾಗಿ ನೋಡಿ, “ಇದು ಇಲ್ಲೇ ಹುಟ್ಟಿದ್ದಲ್ಲವೇ ಸ್ವಾಮಿ?” ಎಂದರು. ಅವರ ಮಾತು ಅಕ್ಷರಶಃ ನಿಜ. ಈ ವಾಹನವನ್ನು ತಯಾರಿಸಿದ ಐಡಿಯಲ್ ಜಾವಾ ಕಾರ್ಖಾನೆ ಇದ್ದದ್ದು ಇದೇ ಯಾದವಗಿರಿಯಲ್ಲಿ. ೧೯೯೬ರಲ್ಲಿ ಅದು ಮುಚ್ಚಿತು. ತಾಯಿ ತೀರಿಕೊಂಡ ಮೇಲೂ ತವರೂರಿಗೆ ಬಂದುಹೋಗುವ ವಯಸ್ಸಾದ ಮಗಳಂತೆ ಈ ವಾಹನ ಇಂದಿಗೂ ತಿಂಗಳಿಗೆ ಎರಡು ಮೂರು ಸಲ ಈ ಬೀದಿಗೆ ಬಂದುಹೋಗುತ್ತದೆ. ಅಂಥ ಒಂದು ಯಂತ್ರದ ಮತ್ತು ಅದನ್ನು ಸಾಕಿದವರ ಚರಿತ್ರೆಯನ್ನು ಹೇಳುವುದು ನನ್ನ ಉದ್ದೇಶ.

ಶ್ರೀರಂಗಪಟ್ಟಣ ತಾಲ್ಲೂಕಿನವನೊಬ್ಬ ಚರಿತ್ರೆಯ ಮಾತೆತ್ತಿದರೆ ಕೇಳುವವರು ಸಹಜವಾಗಿಯೇ ೧೭೯೯ನ್ನು ನಿರೀಕ್ಷಿಸುತ್ತಾರೆ. ಕೋಟೆ, ಕಂದಕ, ಬತೇರಿ, ಫಿರಂಗಿ ಇವುಗಳ ವಿಚಾರವಾಗಿ ಪುಸ್ತಕಗಳಿಗೆ ಬರವಿಲ್ಲ. ನಮ್ಮ ಬೆಳಗೊಳ ಆ ಚರಿತ್ರೆಯಿಂದ ಸ್ವಲ್ಪ ಪಕ್ಕಕ್ಕೆ ಸರಿದು ನಿಂತ ಊರು. ಮೈಸೂರಿನಿಂದ ಕನ್ನಂಬಾಡಿಗೆ ಹೋಗುವ ದಾರಿಯಲ್ಲಿ ಅದು ಸಿಕ್ಕುತ್ತದೆ. ಮೈಸೂರು–ಅರಸೀಕೆರೆ ರೈಲುಮಾರ್ಗದಲ್ಲಿ ಅದಕ್ಕೊಂದು ನಿಲ್ದಾಣವಿದೆ. ಮೈಸೂರಿಗೆ ಕುಡಿಯುವ ನೀರನ್ನು ಎತ್ತಿಕೊಡುವ ಯಂತ್ರಾಗಾರಗಳಲ್ಲಿ ಒಂದು ನಮ್ಮಲ್ಲಿದೆ. ಸುತ್ತ ಕಾವೇರಿಯ ನಾಲೆಗಳು, ಕಬ್ಬು, ಭತ್ತ. ಹೀಗೆ ನೀರನ್ನೂ ಅನ್ನವನ್ನೂ ಬೆಲ್ಲವನ್ನೂ ಬೇರೆಯವರಿಗೆ ಕೊಟ್ಟು ತನ್ನ ಹೆಸರನ್ನು ಹಿಂದಿಟ್ಟುಕೊಂಡ ಊರುಗಳ ಚರಿತ್ರೆಯನ್ನು ಶಾಸನಗಳಲ್ಲಿ ಹುಡುಕಿದರೆ ಸಾಲದು. ಮನೆಯ ಅಟ್ಟದ ಮೇಲೂ ಹುಡುಕಬೇಕಾಗುತ್ತದೆ. ನನಗೆ ಸಿಕ್ಕ ಆಧಾರಗ್ರಂಥ ಅಟ್ಟದ ಮೇಲೆಯೇ ಇತ್ತು. ಅದರ ವಿಚಾರ ಮುಂದೆ ಬರುತ್ತದೆ.

ಮೊದಲು ಕಾರ್ಖಾನೆಯ ಕಥೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ನಮ್ಮ ನಾಡಿನಲ್ಲಿ ಮೋಟಾರು ತಯಾರಿಸಬೇಕೆಂಬ ಹಂಬಲ ಹಳೆಯದು. ಸರ್ ಎಂ. ವಿಶ್ವೇಶ್ವರಯ್ಯನವರು ೧೯೩೦ರ ದಶಕದ ಮಧ್ಯಭಾಗದಲ್ಲಿ ಯೂರೋಪು ಅಮೆರಿಕಗಳ ಮೋಟಾರು ಕಾರ್ಖಾನೆಗಳನ್ನು ಕಂಡುಬಂದು, ಭಾರತದಲ್ಲಿಯೇ ಕಾರು ತಯಾರಿಸುವ ಯೋಜನೆಯೊಂದನ್ನು ಸಿದ್ಧಪಡಿಸಿದರು. ಉದ್ಯಮಿ ವಾಲಚಂದ್ ಹೀರಾಚಂದರು ಅದನ್ನು ಕೈಗೆತ್ತಿಕೊಂಡರು. ಮಿರ್ಜಾ ಇಸ್ಮಾಯಿಲರ ದಿವಾನಗಿರಿಯಲ್ಲಿ ಮೈಸೂರು ಸಂಸ್ಥಾನವೂ ಪಾಲು ವಹಿಸಲು ಮುಂದೆ ಬಂದಿತ್ತು. ಬ್ರಿಟಿಷ್ ಭಾರತ ಸರ್ಕಾರದ ಸಮ್ಮತಿ ದೊರೆಯದೆ ಆ ಯೋಜನೆ ಸಂಸ್ಥಾನದಲ್ಲಿ ನೆಲೆಯೂರಲಿಲ್ಲ. ಮೈಸೂರಿಗೆ ಬರಬಹುದಾಗಿದ್ದ ಕಾರು ಬರಲಿಲ್ಲ. ಕಾಲು ಶತಮಾನ ಕಳೆದ ಮೇಲೆ ಬಂದದ್ದು ಎರಡು ಚಕ್ರದ ವಾಹನ.

ಸ್ವಾತಂತ್ರ್ಯಾನಂತರ ವಿದೇಶೀ ವಾಹನಗಳ ಆಮದಿಗೆ ನಿರ್ಬಂಧ ಬಿದ್ದಿತು. ಅದುವರೆಗೆ ಮುಂಬಯಿಯಲ್ಲಿ ಜೆಕೊಸ್ಲೊವಾಕಿಯಾದ ಜಾವಾ ವಾಹನಗಳನ್ನು ತರಿಸಿ ಮಾರುತ್ತಿದ್ದ ಪಾರ್ಸಿ ಉದ್ಯಮಿಗಳು ಇಲ್ಲಿಯೇ ತಯಾರಿಸುವ ಆಲೋಚನೆ ಮಾಡಿದರು. ರುಸ್ತುಂ ಇರಾನಿ ಮತ್ತು ಫರ್ರೋಖ್ ಇರಾನಿಯವರು ಜಯಚಾಮರಾಜ ಒಡೆಯರ ಪ್ರೋತ್ಸಾಹದಿಂದ ಮೈಸೂರಿನಲ್ಲಿ ಕಾರ್ಖಾನೆ ಕಟ್ಟಿದರು. ೧೯೬೧ರಿಂದ ತಯಾರಿಕೆ ಆರಂಭವಾಯಿತು. ಜಾವಾ ಎಂಬ ಹೆಸರಿಗೂ ಆ ಹೆಸರಿನ ದ್ವೀಪಕ್ಕೂ ಯಾವ ಸಂಬಂಧವೂ ಇಲ್ಲ. ಫ್ರಾಂಟಿಶೆಕ್ ಯಾನೆಚೆಕ್ ಎಂಬ ಎಂಜಿನಿಯರ್ ೧೯೨೯ರಲ್ಲಿ ವಾಂಡರರ್ ಎಂಬ ಜರ್ಮನ್ ಸಂಸ್ಥೆಯಿಂದ ಮೋಟಾರ್ ಸೈಕಲ್ ವಿನ್ಯಾಸವನ್ನು ಕೊಂಡುಕೊಂಡು, ತನ್ನ ಹೆಸರಿನ ಮೊದಲ ಎರಡಕ್ಷರಕ್ಕೆ ಅದರ ಹೆಸರಿನ ಮೊದಲ ಎರಡಕ್ಷರವನ್ನು ಸೇರಿಸಿದ; ಜೆಕ್ ಭಾಷೆಯಲ್ಲಿ ‘ಯಾವಾ’ ಆದದ್ದು ನಮ್ಮ ಬಾಯಲ್ಲಿ ‘ಜಾವಾ’ ಆಯಿತು. ೧೯೭೩ರಿಂದ ಮೈಸೂರಿನ ವಾಹನಗಳು ಯೆಜ್ಡಿ ಎಂಬ ಹೆಸರಿನಲ್ಲಿ ಹೊರಬಂದವು. ಅದು ಪಾರ್ಸಿಗಳ ಪೂರ್ವಿಕರ ನಾಡಾದ ಇರಾನಿನ ಯಜ್ದ್ ನಗರದ ಸ್ಮರಣೆ. ಪ್ರಾಗ್ ನಗರದ ವಿನ್ಯಾಸ, ಇರಾನಿನ ನೆನಪು, ಮೈಸೂರಿನ ಕೈಗಳು ಈ ಮೂರೂ ಕೂಡಿ ನಮ್ಮ ಹಳ್ಳಿಯ ಮಣ್ಣಿನ ರಸ್ತೆಯಲ್ಲಿ ಓಡಾಡಿದುವೆಂದರೆ ಯಾರಿಗೆ ತಾನೆ ಆಶ್ಚರ್ಯವಾಗದು?

ಈಗ ನಮ್ಮ ಮನೆಯ ಕಥೆ. ಬೆಳಗೊಳದಲ್ಲಿ ಮಂಡ್ಯ ನ್ಯಾಷನಲ್ ಪೇಪರ್ ಮಿಲ್ಸ್ ಎಂಬ ಕಾಗದದ ಗಿರಣಿ ಇತ್ತು. ರಸ ಹಿಂಡಿದ ಕಬ್ಬಿನ ಸಿಪ್ಪೆಯಿಂದ ಕಾಗದ ಮಾಡುವುದು ಅದರ ಕೆಲಸ. ನಮ್ಮ ತಂದೆಯವರು ಅಲ್ಲಿ ಲೆಕ್ಕ ಬರೆಯುತ್ತಿದ್ದರು. ೧೯೬೮ರಲ್ಲಿ ಅವರು ಕಡುಗೆಂಪು ಬಣ್ಣದ ಜಾವಾ ಒಂದನ್ನು ಕೊಂಡು ತಂದರು. ಕಾರೆಂಬುದು ಆ ದಿನಗಳಲ್ಲಿ ಹಣವಿದ್ದವರೂ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಾಗಿದ್ದ ವಸ್ತು. ನಮ್ಮಂಥವರ ಪಾಲಿಗೆ ಕಾರು, ಜಟಕಾ, ಎತ್ತಿನ ಗಾಡಿ ಎಲ್ಲವೂ ಆ ಮೋಟಾರ್ ಸೈಕಲ್ಲೇ. ಪೆಟ್ರೋಲ್ ಟ್ಯಾಂಕಿನ ಮೇಲೆ ನಾನು, ನಡುವೆ ತಂದೆ, ಹಿಂದೆ ಒಂದೇ ಕಡೆಗೆ ಕಾಲಿಳಿಬಿಟ್ಟು ಕೂತ ತಾಯಿ, ಅವರ ಮಡಿಲಲ್ಲಿ ತಂಗಿ: ಹೀಗೆ ನಾವು ಬಲಮುರಿಗೂ ಮೈಸೂರಿನ ದಸರೆಗೂ ಹೋಗಿಬಂದದ್ದುಂಟು. ಇಂದಿನ ನಿಯಮಗಳನ್ನು ತಿಳಿದವರು ಕ್ಷಮಿಸಬೇಕು.

ಲೆಕ್ಕಪತ್ರದವರಾದ್ದರಿಂದ ತಂದೆಯವರು ವಾಹನಕ್ಕೂ ಒಂದು ಲೆಕ್ಕದ ಪುಸ್ತಕವಿಟ್ಟಿದ್ದರು. ಉದ್ದನೆಯ, ಕೆಂಪು ಬಟ್ಟೆಯ ಬೆನ್ನಿನ ಆ ಪುಸ್ತಕವೇ ನಾನು ಹೇಳಿದ ಆಧಾರಗ್ರಂಥ. ಎಡಗಡೆಯ ಪುಟದಲ್ಲಿ ಖರ್ಚು, ಬಲಗಡೆಯ ಪುಟದಲ್ಲಿ ಕೆಲಸ. ಕೆಲವು ಸಾಲುಗಳನ್ನು ಇದ್ದಂತೆಯೇ ಓದುತ್ತೇನೆ. “ಪ್ಲಗ್ ಬಿಚ್ಚಿ ತೊಳೆದೆ. ಕರಿ ಹೆಚ್ಚು. ಎಣ್ಣೆ ಜಾಸ್ತಿ ಬಿದ್ದಿದೆ.” “ಪಾಯಿಂಟು ಉಜ್ಜಿದೆ. ಸಂದು ಸರಿಮಾಡಿದೆ. ಎರಡನೆಯ ಒದೆತಕ್ಕೆ ಹತ್ತಿತು.” “ವೈರಮುಡಿಗೆ ಮೇಲುಕೋಟೆ. ಜಕ್ಕನಹಳ್ಳಿ ದಾಟಿದ ಮೇಲೆ ಏರಿನಲ್ಲಿ ಬಿಸಿ ಹೆಚ್ಚಾಯಿತು. ಇಳಿದು ಹುಣಿಸೆಮರದ ಕೆಳಗೆ ಅರ್ಧ ಗಂಟೆ ಕೂತೆವು.” ಸಾಹಿತ್ಯದ ದೃಷ್ಟಿಯಿಂದ ಇವುಗಳಲ್ಲಿ ಏನೂ ಇಲ್ಲವೆನ್ನಬಹುದು. ಆದರೆ ಇಪ್ಪತ್ತೈದಕ್ಕೂ ಹೆಚ್ಚು ವರ್ಷಗಳ ಕಾಲ ಒಬ್ಬ ಮನುಷ್ಯ ಒಂದು ವಸ್ತುವಿನ ಕಡೆಗೆ ತಪ್ಪದೆ ಗಮನಕೊಟ್ಟದ್ದರ ದಾಖಲೆ ಅಲ್ಲಿದೆ.

ಆ ಗಮನ ಏಕೆ ಬೇಕಾಗಿತ್ತೆಂಬುದನ್ನು ಯಂತ್ರದ ಪರಿಚಯವಿಲ್ಲದವರಿಗಾಗಿ ವಿವರಿಸಬೇಕು. ಜಾವಾದ ಎಂಜಿನ್ನು ೨೫೦ ಸಿ.ಸಿ. ದರ್ಜೆಯ, ಒಂದೇ ಸಿಲಿಂಡರಿನ, ಎರಡು ಹೊಡೆತದ ಎಂಜಿನ್ನು. ಸಿಲಿಂಡರು ಒಂದೇ ಆದರೂ ಹೊಗೆಕೊಳವೆ ಎರಡು, ಇಬ್ಬದಿಯಲ್ಲೂ ಒಂದೊಂದು. ಈ ಎಂಜಿನ್ನಿನಲ್ಲಿ ಪಿಸ್ಟನ್ನಿಗೆ ಬೇಕಾದ ಎಣ್ಣೆ ಪ್ರತ್ಯೇಕವಾಗಿ ಇರುವುದಿಲ್ಲ; ಪೆಟ್ರೋಲಿನಲ್ಲಿಯೇ ಬೆರೆಸಿ ಹಾಕಬೇಕು. ಲೀಟರಿಗೆ ಸುಮಾರು ೪೦ ಮಿಲಿಲೀಟರು. ಕಡಿಮೆಯಾದರೆ ಪಿಸ್ಟನ್ ಕಾದು ಸಿಲಿಂಡರಿನ ಗೋಡೆಗೆ ಕಚ್ಚಿಕೊಳ್ಳುತ್ತದೆ. ಹೆಚ್ಚಾದರೆ ಪ್ಲಗ್ಗಿಗೆ ಕರಿ ಹಿಡಿಯುತ್ತದೆ, ಸೈಲೆನ್ಸರಿನ ಒಳಗೆ ಮಸಿ ಕಟ್ಟುತ್ತದೆ. ಮಸಿ ಕಟ್ಟಿದರೆ ಉಸಿರು ಕಟ್ಟಿದಂತೆ. ವಾಹನಕ್ಕೆ ಏರು ಹತ್ತುವ ಶಕ್ತಿ ಉಳಿಯುವುದಿಲ್ಲ. ಆಗ ಸೈಲೆನ್ಸರನ್ನು ಬಿಚ್ಚಿ, ಒಳಗಿನ ತೂತುಕೊಳವೆಯನ್ನು ಕಾಸ್ಟಿಕ್ ಸೋಡಾದ ನೀರಿನಲ್ಲಿ ನೆನೆಹಾಕಿ ಉಜ್ಜಬೇಕು. ಕಿಡಿ ಕೊಡುವ ಪಾಯಿಂಟಿನ ಎರಡು ತುಟಿಗಳ ನಡುವಣ ಸಂದು ೦.೪ ಮಿಲಿಮೀಟರು, ಅದು ಸವೆದಂತೆ ಮತ್ತೆ ಮತ್ತೆ ಸರಿಪಡಿಸಬೇಕು. ಹೊರಡುವ ಮೊದಲು ಕಾರ್ಬೊರೇಟರಿನ ಮೇಲಣ ಪುಟ್ಟ ಗುಂಡಿಯನ್ನು ಪೆಟ್ರೋಲ್ ತುಳುಕುವವರೆಗೆ ಒತ್ತಬೇಕು. ಆಮೇಲೆ ಎಡಗಾಲಿನ ಪೆಡಲನ್ನು ಒಳಕ್ಕೆ ಒತ್ತಿ, ಮೇಲಕ್ಕೆ ತಿರುಗಿಸಿ ಒದೆಯಬೇಕು. ಅದೇ ಪೆಡಲು ಕೆಳಗಿಳಿದರೆ ಗೇರಿನ ಪೆಡಲಾಗುತ್ತದೆ. ಒಂದೇ ಪೆಡಲಿಗೆ ಎರಡು ಕೆಲಸವನ್ನು ಕೊಟ್ಟ ಆ ಜಾಣತನವನ್ನು ನಮ್ಮೂರಿನ ರೈತರು ಮೆಚ್ಚಿ ಮಾತಾಡುತ್ತಿದ್ದರು.

ತಂದೆಯವರಿಗೆ ಇದೊಂದೂ ತೊಂದರೆಯೆನಿಸಲಿಲ್ಲ. ಭಾನುವಾರ ಬೆಳಿಗ್ಗೆ ಜಗಲಿಯ ಕೆಳಗೆ ಗೋಣಿಚೀಲ ಹಾಸಿ, ಸ್ಪ್ಯಾನರುಗಳನ್ನು ಸಾಲಾಗಿಟ್ಟುಕೊಂಡು ಕೂರುವರು. ಹಸುವಿನ ಮೈ ತೊಳೆಯುವವರಂತೆ ಅವರ ಮುಖದಲ್ಲಿ ಒಂದು ನೆಮ್ಮದಿ ಇರುತ್ತಿತ್ತು. ಆಯುಧಪೂಜೆಯ ದಿನ ಅದಕ್ಕೆ ಕುಂಕುಮ, ಚೆಂಡುಹೂವು, ಚಕ್ರದಡಿಗೆ ನಿಂಬೆಹಣ್ಣು. ಆದರೆ ಪೂಜೆಗೆ ಮುಂಚೆ ಪಾಯಿಂಟು ಉಜ್ಜಿರಲೇಬೇಕು. “ಒಳಗೆ ಕೊಳೆ ಇಟ್ಟುಕೊಂಡು ಹೊರಗೆ ಹೂ ಮುಡಿಸಬಾರದು” ಎನ್ನುತ್ತಿದ್ದರು. ಆ ಮಾತನ್ನು ಅವರು ವಾಹನದ ವಿಚಾರವಾಗಿ ಮಾತ್ರ ಹೇಳುತ್ತಿದ್ದರೇ ಎಂಬುದು ನನಗೆ ಅರ್ಥವಾಗಲು ಬಹಳ ಕಾಲ ಹಿಡಿಯಿತು.

೧೯೮೦ರ ದಶಕದ ನಡುವೆ ಕಾಲ ಬದಲಾಯಿತು. ಜಪಾನೀ ಸಂಸ್ಥೆಗಳ ಸಹಯೋಗದಿಂದ ಹಗುರವಾದ ೧೦೦ ಸಿ.ಸಿ. ವಾಹನಗಳು ಬಂದವು. ೧೯೮೪ರಲ್ಲಿ ಇಂಡ್–ಸುಜುಕಿ, ೧೯೮೫ರಲ್ಲಿ ಯಮಾಹಾ ಮತ್ತು ಹೀರೋ ಹೋಂಡಾ. ಇವುಗಳಲ್ಲಿ ಹೀರೋ ಹೋಂಡಾ ನಾಲ್ಕು ಹೊಡೆತದ್ದು. ಪೆಟ್ರೋಲಿನ ಖರ್ಚು ಬಹಳ ಕಡಿಮೆ. ಪೆಟ್ರೋಲ್ ತುಂಬಿಸಿ, ಮುಚ್ಚಳ ಹಾಕಿ, ಮರೆತುಬಿಡಿ ಎಂಬ ಅರ್ಥದ ಅದರ ಜಾಹೀರಾತು ದೇಶದಲ್ಲೆಲ್ಲ ಮನೆಮಾತಾಯಿತು. ಈಗ ಹಿಂತಿರುಗಿ ನೋಡಿದರೆ, ವಸ್ತುಗಳ ಜೊತೆ ನಮ್ಮ ಸಂಬಂಧ ತಿರುವು ಪಡೆದದ್ದು ಆ ಜಾಹೀರಾತಿನಲ್ಲಿಯೇ ಎನಿಸುತ್ತದೆ. ಅದುವರೆಗೆ ವಾಹನವೆಂದರೆ ನೆನಪಿಡಬೇಕಾದದ್ದು. ಅಲ್ಲಿಂದ ಮುಂದೆ ಮರೆಯಬಹುದಾದದ್ದು. ಇದು ತಪ್ಪೆಂದು ನಾನು ಹೇಳಲಾರೆ. ಬೆಳಿಗ್ಗೆ ಡೈರಿಗೆ ಹಾಲು ಹಾಕುವವನಿಗೆ, ಮೂರು ಮೈಲಿ ನಡೆದು ಶಾಲೆಗೆ ಹೋಗುತ್ತಿದ್ದ ಉಪಾಧ್ಯಾಯನಿಗೆ ಮರೆಯಬಹುದಾದ ವಾಹನ ಒಂದು ವರವೇ ಆಗಿತ್ತು. ನಾನೇ ಉಪಾಧ್ಯಾಯನಾಗಿ ಕೆಲಸಕ್ಕೆ ಸೇರಿದಾಗ ಕೊಂಡದ್ದು ಅಂಥ ವಾಹನವನ್ನೇ, ತಂದೆಯವರ ಜಾವಾವನ್ನಲ್ಲ. ವಾಹನಗಳ ಹೊಗೆಯನ್ನು ಕುರಿತ ನಿಯಮಗಳು ೧೯೯೧ರಲ್ಲಿ ಆರಂಭವಾಗಿ ೧೯೯೬ರಲ್ಲಿ ಬಿಗಿಯಾದವು. ಎರಡು ಹೊಡೆತದ ಹಳೆಯ ಎಂಜಿನ್ನಿಗೆ ಅದು ಸುಲಭದ ಪರೀಕ್ಷೆಯಲ್ಲ. ಅದೇ ೧೯೯೬ರಲ್ಲಿ ಯಾದವಗಿರಿಯ ಕಾರ್ಖಾನೆಯ ಬಾಗಿಲು ಮುಚ್ಚಿತು.

ಸಾಮಾನ್ಯವಾಗಿ ಚರಿತ್ರೆ ಇಲ್ಲಿಗೆ ನಿಲ್ಲುತ್ತದೆ. ಸ್ಥಾಪನೆ ಇಂಥ ವರ್ಷ, ಮುಕ್ತಾಯ ಇಂಥ ವರ್ಷ. ನಡುವೆ ಒಂದು ಅಡ್ಡಗೆರೆ. ರಾಜರಿಗೂ ಹೀಗೆಯೇ, ಕಾರ್ಖಾನೆಗಳಿಗೂ ಹೀಗೆಯೇ. ಆದರೆ ಕಾರ್ಖಾನೆ ಮುಚ್ಚಿದ ದಿನ ರಸ್ತೆಯ ಮೇಲಿದ್ದ ವಾಹನಗಳು ನಿಂತುಬಿಡಲಿಲ್ಲ. ಮರುದಿನ ಬೆಳಿಗ್ಗೆಯೂ ಯಾರೋ ಗುಂಡಿ ಒತ್ತಿದರು, ಪೆಡಲು ಒದೆದರು, ಹಾಲಿನ ಕ್ಯಾನು ಕಟ್ಟಿಕೊಂಡು ಹೊರಟರು. ತಯಾರಿಸಿದ ಚರಿತ್ರೆಗೆ ಮೂವತ್ತೈದು ವರ್ಷ; ಉಳಿಸಿಕೊಂಡ ಚರಿತ್ರೆಗೆ ಅದರ ಮೇಲೆ ಈಗಾಗಲೇ ಸುಮಾರು ಮೂವತ್ತು ವರ್ಷ. ಮೊದಲನೆಯದಕ್ಕೆ ಕಂಪನಿಯ ಕಡತಗಳಿವೆ. ಎರಡನೆಯದನ್ನು ಬರೆದಿಟ್ಟವರು ಯಾರು?

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ತಂದೆಯವರು ೧೯೯೭ರಲ್ಲಿ ತೀರಿಕೊಂಡರು. ಲೆಕ್ಕದ ಪುಸ್ತಕದಲ್ಲಿ ಅವರ ಕೊನೆಯ ಸಾಲು, “ಹಿಂದಿನ ಟೈರು ಸವೆದಿದೆ. ನೋಡಬೇಕು.” ನಾನು ನೋಡಲಿಲ್ಲ. ವಾಹನವನ್ನು ಹಿತ್ತಿಲಿನ ಕೊಟ್ಟಿಗೆಗೆ ತಳ್ಳಿ, ಮೇಲೊಂದು ತಾಡಪಾಲು ಹೊದಿಸಿದೆ. ಹನ್ನೊಂದು ವರ್ಷ ಅದು ಅಲ್ಲಿಯೇ ಇತ್ತು. ಕೋಳಿಗಳು ಅದರ ಸೀಟಿನ ಮೇಲೆ ಕೂತವು. ಇಲಿಗಳು ವೈರುಗಳನ್ನು ಕಡಿದವು. ಪುಸ್ತಕ ಅಟ್ಟಕ್ಕೆ ಹೋಯಿತು. ಅದರಲ್ಲಿ ಆ ಹನ್ನೊಂದು ವರ್ಷಗಳ ಪುಟಗಳು ಇಲ್ಲವೇ ಇಲ್ಲ. ವಂಶಾವಳಿಗಳಲ್ಲಿ ಕೆಲವು ಕಾಲ ಖಾಲಿ ಬಿದ್ದಿರುವುದನ್ನು ಕಂಡಾಗ ವಿದ್ವಾಂಸರು ದಂಡಯಾತ್ರೆಯನ್ನೋ ಕ್ಷಾಮವನ್ನೋ ಊಹಿಸುತ್ತಾರೆ. ಕೆಲವು ಸಲ ಕಾರಣ ಇಷ್ಟೇ ಇರಬಹುದು: ಮಗನಿಗೆ ಪುರುಸೊತ್ತಿರಲಿಲ್ಲ.

೨೦೦೮ರಲ್ಲಿ ಗುಜರಿಯವನೊಬ್ಬ ಮನೆಗೆ ಬಂದು ತೂಕದ ಲೆಕ್ಕದಲ್ಲಿ ಕೊಳ್ಳುತ್ತೇನೆಂದ. ಕಬ್ಬಿಣದ ತಕ್ಕಡಿಯನ್ನು ಅವನು ಅಂಗಳದಲ್ಲಿ ಇಳಿಸಿದ ಸದ್ದಿಗೆ ನನ್ನ ತಾಯಿ ಒಳಗಿನಿಂದ ಬಂದರು. ಏನೂ ಹೇಳಲಿಲ್ಲ. ಸೆರಗಿನಿಂದ ಟ್ಯಾಂಕಿನ ಧೂಳನ್ನು ಒರೆಸತೊಡಗಿದರು. ನಾನು ಗುಜರಿಯವನಿಗೆ ಕಾಫಿ ಕೊಟ್ಟು ಕಳುಹಿಸಿದೆ.

ಹಾಗೆ ನನಗೆ ಮಂಡಿ ಮೊಹಲ್ಲಾದ ಮೇಸ್ತ್ರಿಯ ಪರಿಚಯವಾಯಿತು. ಒಂದು ಚಪ್ಪಡಿ, ಒಂದು ಹಿಡಿಗೊಂಡಿ, ಗೋಡೆಯ ತುಂಬ ಮೊಳೆಗೆ ನೇತುಹಾಕಿದ ಚೈನು, ಕೇಬಲ್ಲು, ಚಕ್ರಪಟ್ಟಿ. ಇದೇ ಅವರ ಕಾರ್ಯಾಗಾರ. ನನ್ನ ವಾಹನವನ್ನು ಲಾರಿಯಿಂದ ಇಳಿಸಿದಾಗ ಅವರು ಮೊದಲು ಮಾಡಿದ ಕೆಲಸ ಕಿಕ್ ಪೆಡಲನ್ನು ಕೈಯಿಂದ ಮೆಲ್ಲಗೆ ಅದುಮಿದ್ದು. ಅದು ಅಲುಗಲಿಲ್ಲ.

“ಎಷ್ಟು ವರ್ಷ ನಿಲ್ಲಿಸಿದ್ರಿ ಮೇಷ್ಟ್ರೇ?”

“ಹನ್ನೊಂದು.”

“ಓಡಿಸಿ ಹಾಳುಮಾಡಿದ ಗಾಡೀನ ನಾನು ರಿಪೇರಿ ಮಾಡಬಲ್ಲೆ. ನಿಲ್ಲಿಸಿ ಹಾಳುಮಾಡಿದ್ದನ್ನ ಮಾಡೋದು ಕಷ್ಟ” ಎಂದರು. ಬೈದದ್ದಲ್ಲ, ವೈದ್ಯರು ಹೇಳುವ ಹಾಗೆ ಹೇಳಿದರು.

ಪ್ಲಗ್ಗಿನ ತೂತಿನಿಂದ ಡೀಸೆಲ್ ಸುರಿದು ಎಂಟು ದಿನ ಬಿಟ್ಟರು. ಆಮೇಲೆ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಹಿಂದೆ ಮುಂದೆ, ಹಿಂದೆ ಮುಂದೆ ತೂಗಿದರು. ಮಗುವಿನ ತೊಟ್ಟಿಲು ತೂಗುವಷ್ಟೇ ಮೆತ್ತಗೆ. ಮೂರನೆಯ ದಿನ ಒಳಗೆ ಏನೋ ‘ಟಕ್’ ಎಂದಿತು. ಮೇಸ್ತ್ರಿ ನನ್ನ ಕೈಯನ್ನು ಹಿಡಿದು ಸಿಲಿಂಡರಿನ ಮೇಲಿಟ್ಟು, “ಬಿಟ್ಟುಕೊಡ್ತು” ಎಂದರು. ಸಿಲಿಂಡರನ್ನು ಕೊರೆಸಿ ದೊಡ್ಡ ಅಳತೆಯ ಪಿಸ್ಟನ್ ಹಾಕಬೇಕಾಯಿತು. ಗಟ್ಟಿಯಾಗಿ ಬಿರುಕುಬಿಟ್ಟಿದ್ದ ಆಯಿಲ್ ಸೀಲುಗಳನ್ನು ಬದಲಾಯಿಸಬೇಕಾಯಿತು. ಬಿಡಿಭಾಗಗಳಿಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ, ಶಿವಾಜಿನಗರದ ಗುಜರಿಯಲ್ಲಿ ನಾನು ಅಲೆದದ್ದನ್ನು ಹೇಳಹೊರಟರೆ ಅದೇ ಒಂದು ಪ್ರವಾಸಕಥನವಾಗುತ್ತದೆ. ಆ ಅಲೆದಾಟದಲ್ಲಿ ಕಂಡದ್ದು ನನ್ನಂಥವರು ಇನ್ನೂ ಅನೇಕರಿದ್ದಾರೆ ಎಂಬುದನ್ನು. ೨೦೦೭ರಲ್ಲಿ ಬೆಂಗಳೂರಿನಲ್ಲಿ ಜಾವಾ–ಯೆಜ್ಡಿ ಒಡೆಯರ ಸಂಘವೊಂದು ಆರಂಭವಾಗಿತ್ತು. ಪ್ರತಿವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಪ್ರಪಂಚದ ಹಲವೆಡೆ ಜಾವಾ ದಿನವನ್ನು ಆಚರಿಸುತ್ತಾರೆ. ಮೈಸೂರು ಬೆಂಗಳೂರುಗಳಲ್ಲಿಯೂ ಅಂದು ಹಳೆಯ ವಾಹನಗಳು ಒಟ್ಟುಗೂಡುತ್ತವೆ. ಆ ಜಾತ್ರೆಯಲ್ಲಿ ತಾತನ ವಾಹನ ತಂದ ಮೊಮ್ಮಗನಿರುತ್ತಾನೆ, ಕಂಪ್ಯೂಟರ್ ಕೆಲಸದ ಹುಡುಗಿ ಇರುತ್ತಾಳೆ, ಹಳೆಯ ಮೇಸ್ತ್ರಿಗಳಿರುತ್ತಾರೆ. ಅಲ್ಲಿ ಜಾತಿ, ಸಂಬಳ ಯಾವುದನ್ನೂ ಯಾರೂ ಕೇಳುವುದಿಲ್ಲ. ಕೇಳುವ ಪ್ರಶ್ನೆ ಒಂದೇ: “ಎಷ್ಟನೆಯ ಒದೆತಕ್ಕೆ ಹತ್ತುತ್ತೆ?”

ಆದರೆ ಈ ಪ್ರೀತಿಗೂ ಒಂದು ಅಪಾಯವಿದೆ. ವಾಹನ ಅಪರೂಪವಾದಂತೆ ಅದರ ಬೆಲೆ ಏರಿತು. ಬೆಲೆ ಏರಿದಂತೆ ಅದು ರಸ್ತೆಯನ್ನು ಬಿಟ್ಟು ಹಜಾರ ಸೇರತೊಡಗಿತು. ಕೇಂದ್ರ ಸರ್ಕಾರ ೨೦೨೧ರಲ್ಲಿ ಹಳೆಯ ವಾಹನಗಳಿಗಾಗಿ ಒಂದು ನಿಯಮ ಮಾಡಿತು. ಐವತ್ತು ವರ್ಷ ದಾಟಿದ, ಮೂಲರೂಪದಲ್ಲಿರುವ ವಾಹನವನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ ೨೦,೦೦೦ ರೂಪಾಯಿ ಶುಲ್ಕ; ಅವಧಿ ೧೦ ವರ್ಷ; ‘ವಿ.ಎ.’ ಎಂಬ ಅಕ್ಷರಗಳಿರುವ ವಿಶೇಷ ಸಂಖ್ಯೆ. ಗೌರವದ ವಿಷಯವೇ. ಆದರೆ ಹಾಗೆ ನೋಂದಾಯಿಸಿದ ವಾಹನವನ್ನು ದಿನಬಳಕೆಗೆ ರಸ್ತೆಗೆ ತರುವಂತಿಲ್ಲ. ಪ್ರದರ್ಶನಕ್ಕೆ, ರ್‍ಯಾಲಿಗೆ, ಪೆಟ್ರೋಲಿಗೆ, ದುರಸ್ತಿಗೆ ಮಾತ್ರ ತರಬಹುದು. ಇನ್ನೊಂದು ದಾರಿಯೆಂದರೆ ಎಲ್ಲ ವಾಹನಗಳಂತೆ ಹದಿನೈದು ವರ್ಷದ ಮೇಲೆ ಐದೈದು ವರ್ಷಕ್ಕೊಮ್ಮೆ ಪರೀಕ್ಷೆಗೆ ಒಡ್ಡಿ ನೋಂದಣಿಯನ್ನು ನವೀಕರಿಸುತ್ತ ಹೋಗುವುದು. ೨೦೨೫ರಲ್ಲಿ, ಇಪ್ಪತ್ತು ವರ್ಷ ದಾಟಿದ ಮೋಟಾರ್ ಸೈಕಲ್ಲುಗಳಿಗೆ ಆ ಶುಲ್ಕವನ್ನು ೨,೦೦೦ ರೂಪಾಯಿಗೆ ಏರಿಸಲಾಯಿತು. ಗೌರವಕ್ಕೆ ಒಂದು ಬೆಲೆ, ದುಡಿಮೆಗೆ ಇನ್ನೊಂದು ಬೆಲೆ.

ನಮ್ಮ ತಾಲ್ಲೂಕಿನಲ್ಲಿಯೇ ಬೆಂಗಳೂರು–ಮೈಸೂರು ಹೆದ್ದಾರಿಯ ಬದಿಯಲ್ಲಿ ಈಚಿನ ವರ್ಷಗಳಲ್ಲಿ ‘ಪಯಣ’ ಎಂಬ ವಸ್ತುಸಂಗ್ರಹಾಲಯ ತೆರೆದಿದೆ. ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆಯವರು ಸಂಗ್ರಹಿಸಿದ ಹಳೆಯ ಕಾರುಗಳನ್ನು ಅಲ್ಲಿ ಕಾಣಬಹುದು. ನಾನು ಹೋಗಿ ನೋಡಿದ್ದೇನೆ. ಮಕ್ಕಳನ್ನೂ ಕರೆದುಕೊಂಡು ಹೋಗಿ ನೋಡಬೇಕಾದ ಸ್ಥಳ. ಅರಸರ, ಸಿರಿವಂತರ ಕಾರುಗಳು ಅಲ್ಲಿ ಸೊಗಸಾಗಿ ನಿಂತಿವೆ. ಸಂಗ್ರಹಾಲಯ ಇಲ್ಲದಿದ್ದರೆ ಅವು ಎಂದೋ ಕರಗಿಹೋಗುತ್ತಿದ್ದವು. ಆದರೆ ಅಲ್ಲಿಂದ ಹಿಂತಿರುಗುವಾಗ ನನಗೆ ದೇವಾಲಯದ ಉತ್ಸವಮೂರ್ತಿಯ ನೆನಪಾಯಿತು. ಮೂಲಮೂರ್ತಿ ಗರ್ಭಗುಡಿಯಲ್ಲಿ ಅಚಲವಾಗಿರುತ್ತದೆ. ಬೀದಿಗೆ ಬಂದು, ಬಿಸಿಲು ಕಂಡು, ಭಕ್ತರ ಹೆಗಲ ಮೇಲೆ ಕುಲುಕಾಡುವುದು ಉತ್ಸವಮೂರ್ತಿ. ಊರಿಗೆ ಎರಡೂ ಬೇಕು. ಎಲ್ಲವೂ ಗರ್ಭಗುಡಿ ಸೇರಿಬಿಟ್ಟರೆ ಬೀದಿಗೆ ಬರುವವರು ಯಾರು?

ಬೀದಿಗೆ ಬರುವ ವಾಹನಕ್ಕೆ ಹೊಸ ಹೊಸ ಪರೀಕ್ಷೆಗಳೂ ಇವೆ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಭಾಗದವರೆಗೆ ಎಥನಾಲ್ ಬೆರೆತಿರುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನಿಂತ ವಾಹನದ ಟ್ಯಾಂಕಿಗೆ ತುಕ್ಕು ತರುತ್ತದೆ, ಹಳೆಯ ರಬ್ಬರನ್ನು ಉಬ್ಬಿಸುತ್ತದೆ. ನಾನು ಪೆಟ್ರೋಲ್ ಕೊಳವೆಯನ್ನು ಬದಲಾಯಿಸಿದ್ದೇನೆ. ವಾರಗಟ್ಟಲೆ ಓಡಿಸುವುದಿಲ್ಲವೆಂದಾದರೆ ಕಾರ್ಬೊರೇಟರನ್ನು ಬರಿದುಮಾಡಿಡುತ್ತೇನೆ. ಇದರಲ್ಲೊಂದು ವಿನೋದವಿದೆ. ಎಥನಾಲ್ ಬರುವ ಮೂಲಗಳಲ್ಲಿ ಕಬ್ಬೂ ಒಂದು. ತಂದೆಯವರ ಕಾಲದಲ್ಲಿ ನಮ್ಮ ಸೀಮೆಯ ಕಬ್ಬಿನ ಸಿಪ್ಪೆ ಬೆಳಗೊಳದ ಗಿರಣಿಯಲ್ಲಿ ಕಾಗದವಾಗಿ ಅವರಿಗೆ ಸಂಬಳ ಕೊಟ್ಟಿತು. ಆ ಸಂಬಳದಲ್ಲಿ ಈ ವಾಹನ ಬಂತು. ಈಗ ಗಿರಣಿಯಿಲ್ಲ. ಕಬ್ಬು ಮಾತ್ರ ಬೇರೆ ರೂಪದಲ್ಲಿ ಅದೇ ವಾಹನದ ಟ್ಯಾಂಕಿಗೆ ಬಂದು ಅದರ ತಾಳ್ಮೆಯನ್ನು ಪರೀಕ್ಷಿಸುತ್ತಿದೆ.

ಜಾವಾ ಎಂಬ ಹೆಸರು ಸತ್ತಿಲ್ಲ. ೨೦೧೮ರಲ್ಲಿ ಅದೇ ಹೆಸರಿನ ಹೊಸ ವಾಹನಗಳು ಮಧ್ಯಪ್ರದೇಶದ ಪೀಥಾಂಪುರದ ಕಾರ್ಖಾನೆಯಿಂದ ಬಂದವು. ೨೦೨೨ರಲ್ಲಿ ಯೆಜ್ಡಿಯೂ ಬಂತು. ನಾಲ್ಕು ಹೊಡೆತದ, ಹೊಗೆ ಕಡಿಮೆಯ ಒಳ್ಳೆಯ ವಾಹನಗಳು. ಹೆಸರನ್ನು ಮತ್ತೆ ತಯಾರಿಸಬಹುದು. ಮಂಡಿ ಮೊಹಲ್ಲಾದ ಆ ಕಿವಿಯನ್ನು ಮತ್ತೆ ತಯಾರಿಸುವುದು ಹೇಗೆ? ಕಳೆದ ವರ್ಷ ಮೇಸ್ತ್ರಿ, “ಇನ್ನು ಎರಡು ವರ್ಷ ನೋಡ್ತೀನಿ ಮೇಷ್ಟ್ರೇ, ಆಮೇಲೆ ಅಂಗಡಿ ಮುಚ್ತೀನಿ. ಮಕ್ಕಳು ಬೇರೆ ಕೆಲಸದಲ್ಲಿದಾರೆ” ಎಂದರು. ಕಾರ್ಖಾನೆ ಮುಚ್ಚಿದ ಸುದ್ದಿಗಿಂತ ಈ ಮಾತು ನನ್ನನ್ನು ಹೆಚ್ಚು ಕದಲಿಸಿತು. ನಿಮಗೆ ಗೊತ್ತಿರುವುದನ್ನೆಲ್ಲ ಹೇಳಿ, ಬರೆದುಕೊಳ್ಳುತ್ತೇನೆ ಎಂದೆ. ಅವರು ನಕ್ಕರು. “ಬರಕೊಂಡ್ರೆ ನಿಮ್ಮ ಪುಸ್ತಕಕ್ಕೆ ಬರುತ್ತೆ. ಕೈಗೆ ಬರಬೇಕಾದ್ರೆ ಕೈ ಕೊಳೆ ಮಾಡ್ಕೋಬೇಕು.”

ಅಂದಿನಿಂದ ತಿಂಗಳಿಗೆರಡು ಶನಿವಾರ ನಾನು ಅವರ ಅಂಗಡಿಗೆ ಹೋಗುತ್ತಿದ್ದೇನೆ. ನಿವೃತ್ತನಾದ ಕನ್ನಡದ ಮೇಷ್ಟರು ಅರವತ್ತೆರಡನೆಯ ವಯಸ್ಸಿನಲ್ಲಿ ಶಿಷ್ಯನಾದದ್ದನ್ನು ಕಂಡು ಪಕ್ಕದ ಅಂಗಡಿಯವರು ನಗುತ್ತಾರೆ. ಪಾಯಿಂಟಿನ ಸಂದನ್ನು ಈಗ ಅಳತೆಪಟ್ಟಿಯಿಲ್ಲದೆ ಹೆಚ್ಚು ಕಡಿಮೆ ಸರಿಯಾಗಿ ಹಿಡಿಯುತ್ತೇನೆ. ಸದ್ದನ್ನು ಕೇಳಿ ದೋಷ ಹೇಳುವ ವಿದ್ಯೆ ಇನ್ನೂ ಒಲಿದಿಲ್ಲ. ನನ್ನ ತಂಗಿಯ ಮೊಮ್ಮಗ, ಪಾಂಡವಪುರದ ಹುಡುಗ, ರಜೆಯಲ್ಲಿ ಬಂದಾಗ ಜೊತೆಗೆ ಬರುತ್ತಾನೆ. ಅವನಿಗೆ ಆಸಕ್ತಿ ಉಂಟೋ, ಅಂಗಡಿಯ ಎದುರಿನ ಬೋಂಡದ ಮೇಲೆ ಪ್ರೀತಿಯೋ ಹೇಳಲಾರೆ. ಯಾವುದಾದರೂ ಸರಿ, ಬರುತ್ತಾನಲ್ಲ.

ಮುಂದಿನ ತಿಂಗಳು ನಮ್ಮ ವಾಹನದ ನೋಂದಣಿಯ ಅವಧಿ ಮುಗಿಯುತ್ತದೆ. ಮೈಸೂರು ರಾಜ್ಯದ ಕಾಲದ, ‘ಎಂ.ವೈ.’ ಎಂದು ಆರಂಭವಾಗುವ ಅದರ ಸಂಖ್ಯೆಗೆ, ತಂದೆಯವರ ಮೊಣಕಾಲು ತಾಗಿ ಬಣ್ಣ ಸವೆದ ಅದರ ಟ್ಯಾಂಕಿಗೆ ಬೆಂಗಳೂರಿನ ಮಹನೀಯರೊಬ್ಬರು ದೊಡ್ಡ ಮೊತ್ತವನ್ನೇ ಹೇಳಿದ್ದಾರೆ. ಬಣ್ಣ ಹೊಡೆಸಿ ಹೊಸದರಂತೆ ಮಾಡಿ ಹಜಾರದಲ್ಲಿ ನಿಲ್ಲಿಸುವ ಉದ್ದೇಶ ಅವರದು. ನಾನು ವಿನಯದಿಂದಲೇ ಬೇಡವೆಂದೆ. ವಿಂಟೇಜ್ ಅರ್ಜಿಯನ್ನೂ ಹಾಕುವುದಿಲ್ಲ. ಐದು ವರ್ಷದ ಸಾಮಾನ್ಯ ನವೀಕರಣಕ್ಕೇ ಅರ್ಜಿ ಹಾಕುತ್ತೇನೆ. ಅದಕ್ಕೆ ವಾಹನ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಮುಂದಿನ ದೀಪ ಮಂಕಾಗಿದೆ, ಆರು ವೋಲ್ಟಿನ ಬ್ಯಾಟರಿ ಸಿಕ್ಕುವುದು ಕಷ್ಟವಾಗಿದೆ. ಐದು ವರ್ಷದ ಮೇಲೆ ಪೆಡಲು ಒದೆಯುವ ಶಕ್ತಿ ನನ್ನ ಕಾಲಿಗಿರುತ್ತದೆಯೇ ಎಂಬ ಪ್ರಶ್ನೆಯೂ ಇದೆ.

ತಂದೆಯವರ ಪುಸ್ತಕದಲ್ಲಿ ನಾನು ೨೦೦೮ರಿಂದ ಮತ್ತೆ ಬರೆಯುತ್ತಿದ್ದೇನೆ. ಅವರ ಕೊನೆಯ ಸಾಲಿನ ಕೆಳಗೆ ಒಂದು ಗೆರೆ ಬಿಟ್ಟು ಬರೆದ ನನ್ನ ಮೊದಲ ಸಾಲು, “ಹಿಂದಿನ ಟೈರು ಬದಲಾಯಿಸಿದೆ.” ಇಂದು ರಾತ್ರಿ ಮನೆಗೆ ಹೋಗಿ ಬರೆಯಬೇಕಾದ ಸಾಲನ್ನು ಈಗಲೇ ಹೇಳಬಲ್ಲೆ: ಬೆಳಗೊಳದಿಂದ ಯಾದವಗಿರಿ, ಮೇಟಗಳ್ಳಿಯ ಹತ್ತಿರ ಸ್ವಲ್ಪ ಕೆಮ್ಮಿತು, ಪ್ಲಗ್ ನೋಡಬೇಕು.